ಎರಡು ಮನೆಯ ಋಣ

2024ರ ಜೂನ್ 12ರ ರಾತ್ರಿ ನಾನೊಂದು ಸಣ್ಣ ತಪ್ಪು ಮಾಡಿದೆ. ಅದನ್ನು ತಪ್ಪೆಂದು ಕರೆಯಬೇಕೋ ಬೇಡವೋ ಎಂಬುದು ನನಗೆ ಬಹುದಿನ ಬಗೆಹರಿಯಲಿಲ್ಲ. ಆದುದರಿಂದ ನಡೆದುದನ್ನು ವಾಚಕರ ಮುಂದಿಟ್ಟು ಆಮೇಲೆ ವಿಚಾರಕ್ಕೆ ಬರುತ್ತೇನೆ.

ನನ್ನ ಊರು ಕಿಣ್ಣಿ ಸುಲ್ತಾನ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನದು. ಹೆಸರಿನಲ್ಲಿ ಸುಲ್ತಾನನಿದ್ದರೂ ಹೊಲದಲ್ಲಿರುವುದು ತೊಗರಿಯೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಸ್ತರಿಕೆ ಮಾಡಿ, ನಿವೃತ್ತನಾಗಿ, ತಂದೆಯ ಮನೆಗೇ ಮರಳಿ ಬಂದು ಕುಳಿತಿದ್ದೇನೆ. ಅಂದು ಮಿರಗದ ಮಳೆ ಬಿದ್ದು ಮಣ್ಣು ಹಸಿಯಾಗಿದ್ದಿತು. ರಾತ್ರಿ ಎಂಟಕ್ಕೆ ನ್ಯೂಯಾರ್ಕಿನಲ್ಲಿ ಭಾರತಕ್ಕೂ ಅಮೆರಿಕಕ್ಕೂ ವಿಶ್ವಕಪ್ಪಿನ ಇಪ್ಪತ್ತು ಓವರುಗಳ ಪಂದ್ಯ. ನೆರೆಮನೆಯ ಗೌಡರೂ ಅವರ ಮನೆಯ ಹುಡುಗರೂ ನಮ್ಮ ಪಡಸಾಲೆಯಲ್ಲಿ ಟಿ.ವಿ. ಮುಂದೆ ಸೇರಿದ್ದರು. ಅಮೆರಿಕದವರು 110 ರನ್ ಮಾಡಿದರು. ಭಾರತದ ಸರದಿ ಬಂದಿತು. ಅಮೆರಿಕದ ಎಡಗೈ ವೇಗದ ಬೌಲರ್ ಸೌರಭ್ ನೇತ್ರಾವಳ್ಕರ್ ಓಡಿಬಂದು ಎಸೆದ ಚೆಂಡು ವಿರಾಟ್ ಕೊಹ್ಲಿಯವರ ದಾಂಡಿನ ಅಂಚನ್ನು ಸವರಿ ವಿಕೆಟ್ ಕೀಪರನ ಕೈ ಸೇರಿತು. ಕೊಹ್ಲಿಯವರು ಎದುರಿಸಿದ ಮೊದಲ ಚೆಂಡೇ ಅದು.

ಪಡಸಾಲೆಯಲ್ಲಿದ್ದವರೆಲ್ಲ "ಅಯ್ಯೋ" ಎಂದರು. ನಾನೊಬ್ಬ ಮಾತ್ರ "ಭಲೇ!" ಎಂದೆ.

ಗೌಡರು ಮೆಲ್ಲಗೆ ಕತ್ತು ತಿರುಗಿಸಿದರು. "ಏನ್ರಿ ಮಾಸ್ತರ್ರ, ಯಾರ ಕಡಿ ಇದ್ದೀರಿ ನೀವು? ಮಗ ಅಮೆರಿಕಾಕ್ಕ ಹೋದ ಅಂತ ನೀವೂ ಹೋದ್ರೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನೇತ್ರಾವಳ್ಕರ್ ಮುಂದೆ ರೋಹಿತ್ ಶರ್ಮ ಅವರನ್ನೂ ಕೆಡವಿದಾಗ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಕೊನೆಗೆ ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ನನ್ನ ‘ಭಲೇ’ಯಿಂದ ದೇಶಕ್ಕೆ ಯಾವ ನಷ್ಟವೂ ಆಗಲಿಲ್ಲ. ಆದರೆ ಆ ರಾತ್ರಿ ನನ್ನ ನಿದ್ದೆ ಹೋಯಿತು.

ಅದಕ್ಕೆ ಕಾರಣವಿದ್ದಿತು. ನನ್ನ ಮಗ ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದಾನೆ. ಅದಕ್ಕೆ ಒಂದು ತಿಂಗಳು ಮೊದಲು ಅವನು ದೂರವಾಣಿಯಲ್ಲಿ, "ಅಪ್ಪಾ, ಇಲ್ಲಿಯ ಪೌರತ್ವ ತಗೋಬೇಕಂತ ಮಾಡೀನಿ. ನೀವು ಏನಂತೀರಿ?" ಎಂದು ಕೇಳಿದ್ದ. ‘ಯೋಚಿಸಿ ಹೇಳುತ್ತೇನೆ’ ಎಂದು ಮುಂದೂಡಿದ್ದೆ. ಅವನ ಮಗನಿಗೆ ಹದಿನಾಲ್ಕು ವರ್ಷ. ಅವನೂ ಎಡಚ, ಶನಿವಾರ ಭಾನುವಾರ ಅಲ್ಲಿಯ ಮೈದಾನಗಳಲ್ಲಿ ವೇಗವಾಗಿ ಚೆಂಡೆಸೆಯುತ್ತಾನೆ. ನೇತ್ರಾವಳ್ಕರ್ ಎಂದರೆ ಅವನಿಗೆ ದೇವರು. ನನ್ನ ಬಾಯಿಂದ ‘ಭಲೇ’ ಬಂದುದು ಎಲ್ಲಿಂದ ಎಂದು ಈಗ ವಾಚಕರಿಗೆ ತಿಳಿದಿರಬಹುದು.

ಈ ನೇತ್ರಾವಳ್ಕರ್ ಯಾರು? 1991ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು. 2010ರ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿಯೇ ಚೆಂಡೆಸೆದವರು, ನಮ್ಮ ಕೆ. ಎಲ್. ರಾಹುಲ್ ಮತ್ತು ಮಯಾಂಕ್ ಅಗರ್ವಾಲ್ ಆಗ ಅವರ ಸಂಗಡಿಗರು. ಮುಂಬಯಿಯ ರಣಜಿ ತಂಡದಲ್ಲಿಯೂ ಆಡಿದರು. ಆದರೆ ಅಲ್ಲಿ ನೆಲೆ ನಿಲ್ಲಲಿಲ್ಲ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ಹೋದರು; ಆಮೇಲೆ ಒರಾಕಲ್ ಕಂಪನಿಯಲ್ಲಿ ಎಂಜಿನಿಯರಾದರು. ಬಿಟ್ಟೆನೆಂದುಕೊಂಡಿದ್ದ ಆಟ ಅಲ್ಲಿ ಅವರನ್ನು ಮತ್ತೆ ಹಿಡಿಯಿತು. 2024ರ ಜೂನ್ 6ರಂದು ಡಲ್ಲಾಸಿನಲ್ಲಿ ಪಾಕಿಸ್ತಾನದೊಡನೆ ಅಮೆರಿಕದ ಪಂದ್ಯ ಸಮವಾದಾಗ, ತೀರ್ಮಾನಕ್ಕಾಗಿ ಆಡಿಸಿದ ಸೂಪರ್ ಓವರಿನಲ್ಲಿ ಚೆಂಡನ್ನು ಅವರ ಕೈಗೇ ಕೊಟ್ಟರು. ಅಮೆರಿಕ 18 ರನ್ ಮಾಡಿದ್ದಿತು. ಅವರು ಪಾಕಿಸ್ತಾನವನ್ನು 13ಕ್ಕೆ ತಡೆದರು. ಅದೇ ಪಂದ್ಯದಲ್ಲಿ ಮೂರು ವಿಕೆಟ್ ಪಡೆದ ಸ್ಪಿನ್ ಬೌಲರ್ ನೊಸ್ತುಷ್ ಕೆಂಜಿಗೆ ಕನ್ನಡಿಗರು. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ. ಹುಟ್ಟಿದ ದೇಶಕ್ಕೆ ಮರಳಿಹೋಗಿ ಅಲ್ಲಿಯ ತಂಡ ಸೇರಿದವರು. ಹೀಗೆ ಒಬ್ಬರು ಹುಟ್ಟೂರು ಬಿಟ್ಟು ಹೋದವರು, ಇನ್ನೊಬ್ಬರು ಹುಟ್ಟೂರಿಗೆ ಹೋದವರು. ಇಬ್ಬರ ಅಂಗಿಯ ಮೇಲೂ ಅಂದು ಒಂದೇ ಹೆಸರು.

ಮರುದಿನ ಗೌಡರೊಡನೆ ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. "ಉಂಡ ಮನಿ ಗಳ ಹಿರಿದಂಗ ಆತಲ್ರಿ ಅದು. ಕಲಿತದ್ದು ಇಲ್ಲಿ, ಕೈ ಪಳಗಿದ್ದು ಇಲ್ಲಿ. ಆ ಕೈ ನಮ್ಮ ಮ್ಯಾಲೇ ಎತ್ತೂದಂದ್ರ?"

ಗೌಡರ ಮಾತು ತೆಗೆದುಹಾಕುವಂಥದಲ್ಲ. ಕಾನೂನೂ ಹೆಚ್ಚು ಕಡಿಮೆ ಅವರ ಪಕ್ಷವನ್ನೇ ವಹಿಸುತ್ತದೆ. ತಾನಾಗಿ ಪರದೇಶದ ಪೌರತ್ವ ಪಡೆದವನು ಭಾರತದ ಪೌರನಲ್ಲವೆಂದು ನಮ್ಮ ಸಂವಿಧಾನದ 9ನೆಯ ವಿಧಿ ಹೇಳಿತು; 1955ರ ಪೌರತ್ವ ಕಾಯಿದೆಯೂ ಅದನ್ನೇ ಎತ್ತಿಹಿಡಿಯಿತು. ಪರದೇಶದ ಪ್ರಜೆಗಳಾದ ಭಾರತೀಯರಿಗೆ ಆಮೇಲೆ ‘ಸಾಗರೋತ್ತರ ನಾಗರಿಕ’ ಎಂಬ ಚೀಟಿಯೊಂದು ಬಂದಿತು. ಹೆಸರಿನಲ್ಲಿ ನಾಗರಿಕತ್ವವಿದೆ; ಮತದಾನವಿಲ್ಲ. ಆ ಚೀಟಿಯವನು ಕೃಷಿಭೂಮಿ ಕೊಳ್ಳುವಂತಿಲ್ಲ. ವಾರಸಿನಿಂದ ಬಂದುದನ್ನು ಇಟ್ಟುಕೊಳ್ಳಬಹುದು. ಅಂದರೆ ಕಿಣ್ಣಿ ಸುಲ್ತಾನದ ನನ್ನ ತೊಗರಿ ಹೊಲ ನಾನು ಸತ್ತ ಮೇಲೆ ಮಗನದಾಗಬಹುದು, ಅದರ ಪಕ್ಕದ ಒಂದು ಗುಂಟೆಯನ್ನು ಅವನು ಕೊಳ್ಳಲಾರ. ಆ ಕಡೆ ಅಮೆರಿಕದವರು ಪ್ರಮಾಣವಚನದಲ್ಲಿ, ಹಳೆಯ ದೇಶದ ನಿಷ್ಠೆಯನ್ನು ಪೂರ್ತಿ ತೊರೆದಿದ್ದೇನೆಂದು ಹೇಳಿಸುತ್ತಾರೆ. ಎರಡು ಕಡೆಯ ಕಾನೂನೂ ಒಂದೇ ಮಾತು ಹೇಳುತ್ತದೆ: ಮನುಷ್ಯನಿಗೆ ಮನೆ ಒಂದೇ.

ಹಾಗೆ ಹೇಳುವುದು ಸುಲಭ. ಆದರೆ ನಮ್ಮ ಸೀಮೆಯ ಮನುಷ್ಯನಿಗೆ ಅದನ್ನು ಕೇಳಿದಾಗ ಸ್ವಲ್ಪ ನಗು ಬರುತ್ತದೆ. ನನ್ನ ತಂದೆ ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಅವರು ಭಾರತದವರಾದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವರಾದರು. 1973ರಲ್ಲಿ ಅದೇ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಇಷ್ಟೆಲ್ಲ ಆದಾಗಲೂ ಅವರು ಕುಳಿತ ಕಟ್ಟೆ ಬದಲಾಗಿರಲಿಲ್ಲ. ಶಾಲೆಯಲ್ಲಿ ಉರ್ದು ಕಲಿತವರು, ಮನೆಯಲ್ಲಿ ಕನ್ನಡ ಆಡಿದವರು, ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ ಮಾತಾಡಿದವರು. ನಿಜಾಮರ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ ನಾಣ್ಯ, ಗಡಿಯಾಚೆ ಇಂಗ್ಲಿಷರ ಕಲದಾರ ರೂಪಾಯಿ. ಪೇಟೆಗೆ ಹೊರಟಾಗ ತಂದೆ ಒಂದು ಕಿಸೆಯಲ್ಲಿ ಹಾಲಿ, ಇನ್ನೊಂದರಲ್ಲಿ ಕಲದಾರ ಇಟ್ಟುಕೊಳ್ಳುತ್ತಿದ್ದರಂತೆ. ಎರಡು ನಾಣ್ಯವಿದ್ದ ಮಾತ್ರಕ್ಕೆ ಯಾರೂ ಅವರನ್ನು ಮೋಸಗಾರನೆನ್ನಲಿಲ್ಲ. ಒಂದನ್ನು ಇನ್ನೊಂದೆಂದು ಹೇಳಿ ದಾಟಿಸಿದ್ದರೆ ಮಾತ್ರ ಮೋಸವಾಗುತ್ತಿತ್ತು.

ನಮ್ಮ ಹಿರಿಯರ ಧರ್ಮವಿಚಾರವೂ ಋಣ ಒಂದೇ ಎಂದು ಹೇಳಲಿಲ್ಲ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತು ಬರುತ್ತಾನೆಂದರು. ಅವುಗಳನ್ನು ಬೇರೆ ಬೇರೆಯಾಗಿಯೇ ತೀರಿಸಬೇಕೆಂದರು. ಒಂದನ್ನು ತೀರಿಸಿದವನು ಇನ್ನೊಂದಕ್ಕೆ ದ್ರೋಹಿಯೆಂದು ಯಾವ ಶಾಸ್ತ್ರಕಾರನೂ ಹೇಳಿದಂತಿಲ್ಲ. ನಮ್ಮ ಹೆಣ್ಣುಮಕ್ಕಳನ್ನೇ ನೋಡಿ. ಅತ್ತೆಯ ಮನೆಗೆ ಹೋದವಳು ತವರಿನ ಹೆಸರು ಕಾಯಬೇಕು, ಹೋದ ಮನೆಯ ದೀಪವನ್ನೂ ಹಚ್ಚಬೇಕು. ಈ ಎರಡು ಮನೆಯ ಹೊರೆಯನ್ನು ನಾವು ಅವಳ ತಲೆಯ ಮೇಲಿಟ್ಟು ಅದನ್ನು ಗುಣವೆಂದು ಹಾಡುತ್ತೇವೆ. ಮಗನಿಗೆ ಮಾತ್ರ ಅದೇಕೆ ದೋಷವಾಗಬೇಕು? ಊರಿನ ಪೂಜ್ಯರನ್ನು ನೋಡಿದರೂ ಅಷ್ಟೆ. ಕಲಬುರಗಿಗೆ ಹೆಸರು ತಂದ ಬಂದೇನವಾಜರು ಹುಟ್ಟಿದ್ದು ದಿಲ್ಲಿಯಲ್ಲಿ. ಶರಣಬಸವೇಶ್ವರರು ಜೇವರ್ಗಿ ಸೀಮೆಯ ಅರಳಗುಂಡಗಿ ಬಿಟ್ಟು ಬಂದವರು. ಇಬ್ಬರ ಜಾತ್ರೆಗೂ ನಾವು ಹೋಗುತ್ತೇವೆ. ಯಾರೂ ಅವರನ್ನು ಹೊರಗಿನವರೆನ್ನುವುದಿಲ್ಲ.

ಆದರೆ ಗೌಡರ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. ಎರಡು ಮನೆ ಇರಲಿ. ಆ ಎರಡು ಮನೆಗಳೇ ಎದುರುಬದುರು ನಿಂತಾಗ ಏನು ಮಾಡಬೇಕು? ತವರಿಗೂ ಅತ್ತೆಯ ಮನೆಗೂ ವ್ಯಾಜ್ಯ ಬಿದ್ದ ದಿನದ ಮಾತು ಅದು. ಕ್ರಿಕೆಟ್ಟಿನಲ್ಲಿ ಆ ದಿನ ಬಂದೇ ಬರುತ್ತದೆ.

ಅಂಥ ದಿನವನ್ನು ಕಂಡವರು ನಮ್ಮ ಹಳೆಯ ಹೈದರಾಬಾದಿನವರೇ ಒಬ್ಬರು, ಆಸಿಫ್ ಇಕ್ಬಾಲ್. 1943ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಹೈದರಾಬಾದಿನ ಪರವಾಗಿ ರಣಜಿ ಆಡಿ, 1961ರಲ್ಲಿ ಪಾಕಿಸ್ತಾನಕ್ಕೆ ಹೋದರು. 1964ರಲ್ಲಿ ಕರಾಚಿಯಲ್ಲಿ ಆಡಿದ ಮೊದಲ ಟೆಸ್ಟಿನಲ್ಲಿ ಹೊಸ ಚೆಂಡು ಹಿಡಿದು ಬೌಲಿಂಗ್ ಆರಂಭಿಸಿದವರು ಅವರು. ದಾಂಡಿಗರೆಂದು ಹೆಸರಾದುದು ಆಮೇಲೆ. ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ಬಹುಕಾಲ ವೃತ್ತಿಪರರಾಗಿ ಆಡಿ, ಅದರ ನಾಯಕರೂ ಆದರು. 1979ರ ನವೆಂಬರಿನಲ್ಲಿ ಪಾಕಿಸ್ತಾನದ ನಾಯಕರಾಗಿ ಬಂದು ಬೆಂಗಳೂರಿನಲ್ಲಿ ಮೊದಲ ಟೆಸ್ಟಿಗೆ ಇಳಿದರು. ಭಾರತದ ಹಿಂದಿನ ನಾಯಕರೂ ಆಗ ನಮ್ಮ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಗಳೂ ಆಗಿದ್ದ ಗುಲಾಂ ಅಹಮದ್ ಅವರ ಸೋದರಮಾವನೋ ಚಿಕ್ಕಪ್ಪನೋ ಎಂದು ನಮ್ಮ ಶಾಲೆಯ ಕೋಣೆಯಲ್ಲಿ ರೇಡಿಯೋ ಸುತ್ತ ಕುಳಿತ ಮಾಸ್ತರರು ವಾದ ಹಾಕಿದ್ದರು. ಹತ್ತಿರದ ಬಂಧುವೆಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ. ಒಂದೇ ಮನೆತನ, ಎರಡು ಧ್ವಜ. 1980ರಲ್ಲಿ ಕಲ್ಕತ್ತೆಯಲ್ಲಿ ಆ ಸರಣಿ ಮುಗಿದಾಗ ಅವರ ಟೆಸ್ಟ್ ಜೀವನವೂ ಮುಗಿಯಿತು, ಹುಟ್ಟಿದ ದೇಶದ ನೆಲದ ಮೇಲೆ. ಅವರು ಭಾರತದೆದುರು ಒಂದು ಚೆಂಡನ್ನು ಸಡಿಲಾಗಿ ಆಡಿದರೆಂದು ಪಾಕಿಸ್ತಾನಕ್ಕೆ ಅನ್ನಿಸಿದ್ದರೆ ಅದು ದ್ರೋಹ. ಬಿಗಿಯಾಗಿ ಆಡಿದರೆ ಹೈದರಾಬಾದಿಗೆ ನೋವು. ಬಿಗಿಯಾಗಿ ಆಡುವುದೇ ಧರ್ಮವೆಂದು ಆಗ ನಾನು ಸಹೋದ್ಯೋಗಿಗಳೊಡನೆ ವಾದಿಸಿದೆ. ವಾದ ಗೆದ್ದೆನೆಂಬ ಸಂತೋಷ ಒಂದೆರಡು ವರ್ಷ ಮಾತ್ರ ಉಳಿಯಿತು.

ನಾನು ಅಫಜಲಪುರದ ಒಂದು ಶಾಲೆಯಲ್ಲಿ ಆರು ವರ್ಷ ಇದ್ದೆ; ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದೆ. ಆಮೇಲೆ ಜೇವರ್ಗಿಗೆ ವರ್ಗವಾಯಿತು. ಮರುವರ್ಷ ಜಿಲ್ಲಾ ಪಂದ್ಯದಲ್ಲಿ ನನ್ನ ಹಳೆಯ ಹುಡುಗರೂ ಹೊಸ ಹುಡುಗರೂ ಎದುರಾದರು. ಅಫಜಲಪುರದ ಮುಖ್ಯ ಆಟಗಾರನಿಗೆ ಒಂದು ಚಾಳಿ ಇತ್ತು. ಎಡಗಡೆಗೆ ನುಗ್ಗುವ ಮುನ್ನ ಬಲಗಾಲನ್ನು ಒಮ್ಮೆ ನೆಲಕ್ಕೆ ತಟ್ಟುತ್ತಿದ್ದ. ನಾನು ಜೇವರ್ಗಿಯ ಹುಡುಗರಿಗೆ ಅದನ್ನು ಹೇಳಿಕೊಟ್ಟೆ. ಅವರು ಅವನನ್ನು ಮೂರು ಸಲ ಹಿಡಿದರು, ಪಂದ್ಯ ಗೆದ್ದರು. ಸಂಜೆ ಆ ಹುಡುಗ ನನ್ನ ಹತ್ತಿರ ಬಂದ.

"ಸರ್, ನಾ ಕಾಲು ತಟ್ಟೂದು ನೀವ ಹೇಳಿಕೊಟ್ರೇನ್ರಿ ಅವ್ರಿಗೆ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೌದೆಂದೆ. ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನಿಂತು, "ಅಲ್ಲಿದ್ದಾಗ ನಮಗ್ಯಾಕ ಹೇಳಲಿಲ್ರಿ ಸರ್ ಅದನ್ನ?" ಎಂದು ಕೇಳಿ ಹೊರಟುಹೋದ.

ನಲವತ್ತು ವರ್ಷ ಕಳೆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜೇವರ್ಗಿಯಲ್ಲಿ ನಾನು ಮಾಡಿದ್ದು ತಪ್ಪಲ್ಲ. ಅಲ್ಲಿಯ ಅನ್ನ ಉಣ್ಣುತ್ತಿದ್ದೆ, ಅಲ್ಲಿಯ ಹುಡುಗರಿಗೆ ತಿಳಿದುದನ್ನೆಲ್ಲ ಕೊಡಬೇಕಾದುದು ನನ್ನ ಕರ್ತವ್ಯ. ತಪ್ಪು ನಡೆದದ್ದು ಅಫಜಲಪುರದಲ್ಲಿ. ಹುಡುಗನ ದೋಷ ಕಂಡಿದ್ದೆ. ಗೆಲ್ಲುತ್ತಿದ್ದಾನಲ್ಲ ಎಂದು ತಿದ್ದದೆ ಬಿಟ್ಟಿದ್ದೆ. ಆ ಮನೆಯ ಋಣವನ್ನು ತೀರಿಸದೆ ಎದ್ದು ಬಂದಿದ್ದೆ. ಮನೆ ಬಿಟ್ಟುದು ದ್ರೋಹವಲ್ಲ. ಇದ್ದಾಗ ಅರ್ಧ ಮನಸ್ಸಿನಿಂದ ಇದ್ದುದೇ ದ್ರೋಹ.

ಈ ಅಳತೆಗೋಲು ಹಿಡಿದು ನೋಡಿದರೆ, ಎರಡು ದೇಶದ ಆಟಗಾರರ ವಿಷಯದಲ್ಲಿ ನಮ್ಮ ಎಷ್ಟೋ ದೂರುಗಳು ತೂಕ ಕಳೆದುಕೊಳ್ಳುತ್ತವೆ. ಡರ್ಕ್ ನಾನಸ್ ಎಂಬ ಎಡಗೈ ವೇಗದ ಬೌಲರ್ ಇದ್ದರು. ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ತಂದೆತಾಯಿ ಡಚ್ಚರು. ಎರಡು ದೇಶದ ಪಾಸ್‌ಪೋರ್ಟೂ ಅವರಲ್ಲಿದ್ದುವು. 2009ರ ಜೂನ್ 5ರಂದು ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡನ್ನು ಕೊನೆಯ ಚೆಂಡಿನಲ್ಲಿ ಸೋಲಿಸಿದ ನೆದರ್ಲೆಂಡ್ಸ್ ತಂಡದಲ್ಲಿ ಅವರಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಅಂಗಿ ತೊಟ್ಟರು. 2010ರ ಇಪ್ಪತ್ತು ಓವರುಗಳ ವಿಶ್ವಕಪ್ಪಿನಲ್ಲಿ 14 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ ನಿಂತರು. 2011ರಲ್ಲಿ ಹಣ ಪಡೆದು ನಮ್ಮ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೂ ಆಡಿದರು. ಚಂಚಲನೆನ್ನೋಣವೆ? ಹಣದಾಸೆಯವನೆನ್ನೋಣವೆ? ಸಂಬಳ ಪಡೆಯುವುದು ಅಪರಾಧವಾದರೆ ಮಾಸ್ತರರೆಲ್ಲ ಅಪರಾಧಿಗಳು. ಯಾವ ಅಂಗಿ ತೊಟ್ಟ ದಿನವೂ ತೋಳಿನ ಬಲವನ್ನು ಉಳಿಸಿಕೊಳ್ಳದೆ ಎಸೆದವನನ್ನು ಯಾವ ಮನೆಯೂ ದೂರುವಂತಿಲ್ಲ.

ಮನೆಗೂ ಒಂದು ಕರ್ತವ್ಯವಿದೆ. ಅದನ್ನು ನಾವು ಮರೆಯುತ್ತೇವೆ. ಜೋಫ್ರಾ ಆರ್ಚರ್ ಬಾರ್ಬಡೋಸಿನಲ್ಲಿ ಹುಟ್ಟಿದವರು, ತಂದೆ ಇಂಗ್ಲೆಂಡಿನವರು. ಏಳು ವರ್ಷವಿದ್ದ ವಾಸದ ಅವಧಿಯನ್ನು ಇಂಗ್ಲೆಂಡಿನ ಮಂಡಳಿ ಮೂರಕ್ಕೆ ಇಳಿಸಿದ್ದರಿಂದ 2019ರ ಮೇ ತಿಂಗಳಿನಲ್ಲಿ ಅವರು ತಂಡಕ್ಕೆ ಬಂದರು. ಅವರನ್ನು ಸೇರಿಸಿದರೆ ಕಷ್ಟಪಟ್ಟ ನಮ್ಮ ಹುಡುಗರೊಬ್ಬರಿಗೆ ಅನ್ಯಾಯವಲ್ಲವೆ ಎಂಬ ಚರ್ಚೆ ಆಗ ಅಲ್ಲಿ ನಡೆಯಿತು. ಜುಲೈ 14ರಂದು ವಿಶ್ವಕಪ್ಪಿನ ಅಂತಿಮ ಪಂದ್ಯ ಸಮವಾಗಿ ಸೂಪರ್ ಓವರಿಗೆ ಬಂದಾಗ ಚೆಂಡು ಯಾರ ಕೈಗೆ ಹೋಯಿತು? ಎರಡು ತಿಂಗಳ ಹಿಂದೆ ಬಂದ ಆರ್ಚರರ ಕೈಗೆ. ಅಂದು ಇಂಗ್ಲೆಂಡು ಅವರನ್ನು ತನ್ನವನೆಂದು ನಿಜವಾಗಿ ಒಪ್ಪಿಕೊಂಡಿತು. ಐದು ವರ್ಷದ ಮೇಲೆ ಡಲ್ಲಾಸಿನಲ್ಲಿ ಮುಂಬಯಿಯ ಎಂಜಿನಿಯರನಿಗೂ ಅದೇ ಒಪ್ಪಿಗೆ ದೊರೆಯಿತು. ಕಾಗದದ ಮೇಲೆ ಮುದ್ರೆ ಒತ್ತಿದಾಗ ಮನುಷ್ಯ ಒಂದು ನಾಡಿನವನಾಗುತ್ತಾನೆಂದು ಕಾನೂನು ತಿಳಿಯಲಿ. ಕಷ್ಟದ ಗಳಿಗೆಯಲ್ಲಿ ನಾಡು ಅವನ ಕೈಗೆ ಚೆಂಡು ಕೊಟ್ಟಾಗ, ಅವನು ಅದನ್ನು ನಡುಗದೆ ತೆಗೆದುಕೊಂಡಾಗ, ಅವನು ಅಲ್ಲಿಯವನಾಗುತ್ತಾನೆಂದು ನಾನು ತಿಳಿದಿದ್ದೇನೆ.

ಇಲ್ಲಿಗೆ ಬಂದಾಗ ನನ್ನ ಮಗನ ನೆನಪಾಯಿತು. ಅವನೂ ಹುಡುಗನಾಗಿದ್ದಾಗ ಚೆನ್ನಾಗಿ ಚೆಂಡೆಸೆಯುತ್ತಿದ್ದ. ಹತ್ತನೆಯ ತರಗತಿಯ ವರ್ಷ ಅವನ ಕೈಯಿಂದ ಚೆಂಡು ಕಸಿದು ಅಟ್ಟದ ಮೇಲಿಟ್ಟವನು ನಾನು. "ಓದು, ದೂರ ಹೋಗು, ಈ ಊರಿನಲ್ಲಿ ಏನಿದೆ?" ಎಂದವನೂ ನಾನೇ. ಅವನು ಓದಿದ, ದೂರ ಹೋದ. ಈಗ ‘ಹೋದೆಯಲ್ಲಾ’ ಎಂದು ಕೇಳುವ ಅಧಿಕಾರ ನನಗೆಲ್ಲಿಯದು?

ಜೂನ್ ಮುಗಿಯುವ ಮೊದಲು ಅವನಿಗೆ ಫೋನು ಮಾಡಿದೆ. "ತಗೋ" ಎಂದೆ. "ಆದರ ಪ್ರಮಾಣ ಮಾಡೂ ಮುಂದ ಒಂದು ವಿಚಾರ ಮಾಡು. ಆ ದೇಶಕ್ಕ ಕಷ್ಟ ಬಂದ ದಿವಸ ಚೆಂಡು ನಿನ್ನ ಕೈಗೆ ಕೊಟ್ರ, ಪೂರಾ ಜೋರಿನಿಂದ ಒಗೀತೀಯೇನು? ಒಗೀತೀನಿ ಅಂದ್ರ ತಗೋ. ಇಲ್ಲಂದ್ರ ಸುಳ್ಳು ಆಣಿ ಮಾಡಬ್ಯಾಡ."

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಮಗ ಬ್ಯಾಸರಿಲ್ಲೇನಪ್ಪಾ?" ಎಂದ. "ಅದ" ಎಂದೆ. ಬೇಸರವಿಲ್ಲವೆಂದು ಹೇಳಿದ್ದರೆ ಹಾಲಿಯನ್ನು ಕಲದಾರವೆಂದು ದಾಟಿಸಿದಂತಾಗುತ್ತಿತ್ತು. ಈ ಲೇಖನದಲ್ಲಿ ನಾನು ಹೂಡಿದ ತರ್ಕವೆಲ್ಲ ಸರಿಯಾಗಿದ್ದರೂ ಆ ಬೇಸರ ಹೋಗಿಲ್ಲ. ಋಣ ತೀರಿದರೂ ನೋವು ಉಳಿಯಬಹುದು. ಅದು ಯಾರ ತಪ್ಪೂ ಅಲ್ಲ.

ಡಿಸೆಂಬರಿನಲ್ಲಿ ಅವರೆಲ್ಲ ಊರಿಗೆ ಬಂದರು. ಮೊಮ್ಮಗ ಬಂದ ಮರುದಿನವೇ ಶಾಲೆಯ ಬಯಲಿಗೆ ಹೋದ. ಹುಡುಗರು ಎರಡು ಪಾಳಿಯಾಗಿ ಹಂಚಿಕೊಂಡಾಗ ಒಬ್ಬ ಹೆಚ್ಚಾದ. ಹೆಚ್ಚಾದವನು ನನ್ನ ಮೊಮ್ಮಗನೇ. ಅವನು ನನ್ನ ಕಡೆ ನೋಡಿ, "ಮುತ್ಯಾ, ನಾನು ಯಾವ ಟೀಮು?" ಎಂದು ಕೂಗಿದ. ನಾನು ಉತ್ತರ ಹುಡುಕುವುದರೊಳಗೆ ಹುಡುಗರೇ ತೀರ್ಮಾನಿಸಿಬಿಟ್ಟರು: "ನೀ ಕಾಮನ್!" ಅಂದರೆ ಎರಡೂ ಕಡೆಗೆ ಆಡುವವನು. ಈ ಕಾಯಿದೆಯನ್ನು ಯಾವ ಸಂಸತ್ತು ಮಾಡಿತೋ ತಿಳಿಯದು. ನಮ್ಮ ಓಣಿಗಳಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ.

ಗೌಡರೂ ನಾನೂ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆವು. ಮೊಮ್ಮಗ ಎಡಗೈ ಬೀಸಿ ಓಡಿಬಂದ. ಎದುರಿಗೆ ದಾಂಡು ಹಿಡಿದು ನಿಂತವನು ಗೌಡರ ಮೊಮ್ಮಗ. ಚೆಂಡು ನೆಲಕ್ಕೆ ಬಿದ್ದು ಒಳಗೆ ತಿರುಗಿ, ಸ್ಟಂಪಿನ ಬದಲು ನಿಲ್ಲಿಸಿದ್ದ ಕಲ್ಲಿಗೆ ಠಣ್ಣೆಂದು ಬಡಿಯಿತು.

"ಭಲೇ!" ಎಂದರು ಗೌಡರು. ಎಂದವರೇ ನನ್ನ ಕಡೆ ತಿರುಗಿದರು. "ಈಗ ನಾ ಯಾರ ಕಡಿ ಅಂತ ಕೇಳಬ್ಯಾಡ್ರಿ, ಮಾಸ್ತರ್ರ."

ನಾನು ಕೇಳಲಿಲ್ಲ.